ಊರಿಗಿರುವುದು ಒಂದೇ ಮೆಡಿಕಲ್, ಚೀಟಿ ಇಲ್ಲದೆ ಮಾತ್ರೆ ಕೊಡುತ್ತಾರೆ: ದೂರು ಕೊಡಬೇಕಾ, ಬೇಡವಾ?

ಓದುಗರ ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಕಡೆಯ ಒಂದು ಸಣ್ಣ ಊರು. ಮಾವನಿಗೆ 74 ವರ್ಷ. ಮಂಡಿ ನೋವಿಗೆ ಎರಡು ವರ್ಷದಿಂದ ಊರಿನ ಮೆಡಿಕಲ್‌ನಿಂದಲೇ ಮಾತ್ರೆ ತರಿಸುತ್ತಾರೆ. ಡಾಕ್ಟರ ಚೀಟಿ ಇಲ್ಲ. ಅಂಗಡಿಯ ಹುಡುಗ ಮೂರು ಬಗೆಯ ಮಾತ್ರೆಗಳನ್ನು ಬಿಡಿಸಿ ಬಿಳಿ ಕವರಿಗೆ ಹಾಕಿ ಕೊಡುತ್ತಾನೆ. ಹೆಸರೂ ಇರುವುದಿಲ್ಲ, ಬಿಲ್ಲೂ ಇರುವುದಿಲ್ಲ. ತಿಂದ ದಿನ ನೋವೇ ಇರುವುದಿಲ್ಲ, ತೋಟಕ್ಕೂ ಹೋಗಿ ಬರುತ್ತಾರೆ. ಆದರೆ ಈಗ ಮುಖ ಊದಿದೆ, ಹಿಂದೆ ಇಲ್ಲದ ಶುಗರ್ ಬಂದಿದೆ. ಅಂಗಡಿಯ ಗೋಡೆಯ ಮೇಲೆ ಸರ್ಟಿಫಿಕೇಟ್ ಇದೆ, ಅದರ ಫೋಟೋದಲ್ಲಿರುವವರನ್ನು ನಾವು ಒಮ್ಮೆಯೂ ನೋಡಿಲ್ಲ. ನನ್ನ ಗಂಡ ಕೇಳಿದ್ದಕ್ಕೆ ಅಂಗಡಿಯವರು, ‘ಎಲ್ಲ ಕಡೆ ಹೀಗೇ. ನೀವು ದೂರು ಕೊಟ್ಟರೆ ಅಂಗಡಿ ಮುಚ್ಚಿಸುತ್ತಾರೆ. ಆಮೇಲೆ ಮಳೆಗಾಲದಲ್ಲಿ ಜ್ವರ ಬಂದರೆ ಮಡಿಕೇರಿಗೇ ಹೋಗಿ’ ಅಂದರು. ಕಾನೂನು ಏನು ಹೇಳುತ್ತದೆ? ಯಾರಿಗೆ ಹೇಳಬೇಕು? ನಿಜವಾಗಲೂ ಅಂಗಡಿ ಮುಚ್ಚಿಸುತ್ತಾರಾ? ಮಾವನೇ ಕೇಳಿ ತರಿಸಿಕೊಂಡಿದ್ದಲ್ವಾ, ಅವರ ಮೇಲೂ ಕೇಸ್ ಆಗುತ್ತಾ?

ಉತ್ತರ: ನೀವು ಕೇಳಿರುವುದು ಕಾನೂನು. ಅದಕ್ಕೆ ಬರುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ಕಾನೂನಿಗಿಂತ ಅವಸರದ ವಿಷಯ ಒಂದಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಇವತ್ತೇ ಆ ಮಾತ್ರೆಗಳನ್ನು ಕಿತ್ತು ಎಸೆಯಬೇಡಿ. ಮಾವನಿಂದ ಏಕಾಏಕಿ ನಿಲ್ಲಿಸಲೂ ಬೇಡಿ.

ಮೂರು ಬಗೆಯ ಮಾತ್ರೆ, ತಿಂದ ದಿನ ನೋವು ಮಾಯ, ಮುಖ ಊದುವುದು, ಹೊಸದಾಗಿ ಶುಗರ್. ಇಷ್ಟು ಕೇಳಿದರೆ ಆ ಕವರಿನಲ್ಲಿ ಸ್ಟೀರಾಯ್ಡ್ ಇದೆ ಅನ್ನುವ ಅನುಮಾನ ಯಾವ ಫಾರ್ಮಸಿಸ್ಟಿಗೂ ಬರುತ್ತದೆ. ಸಾಮಾನ್ಯವಾಗಿ ಇಂಥ ‘ಸೆಟ್’ನಲ್ಲಿ ಒಂದು ನೋವಿನ ಮಾತ್ರೆ, ಒಂದು ಗ್ಯಾಸಿನ ಮಾತ್ರೆ, ಜೊತೆಗೆ ಒಂದು ಪುಟ್ಟ ಮಾತ್ರೆ ಇರುತ್ತದೆ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್. ಆ ಪುಟ್ಟದ್ದೇ ಸ್ಟೀರಾಯ್ಡ್. ತೋಟಕ್ಕೆ ನಡೆದು ಹೋಗುವ ಶಕ್ತಿ ಬಂದಿದ್ದು ಅದರಿಂದ, ಮುಖ ಊದಿದ್ದೂ ಅದರಿಂದಲೇ ಇರಬಹುದು. ನಾನು ಮಾತ್ರೆ ನೋಡಿಲ್ಲ, ಹಾಗಾಗಿ ಖಚಿತ ಮಾಡಬೇಕಾದವರು ನಿಮ್ಮ ಡಾಕ್ಟರು. ಆದರೆ ಅನುಮಾನ ಇರುವಾಗ ಸ್ಟೀರಾಯ್ಡ್ ಇದೆ ಅಂತಲೇ ಅಂದುಕೊಂಡು ನಡೆಯಬೇಕು.

ಯಾಕೆ ಏಕಾಏಕಿ ನಿಲ್ಲಿಸಬಾರದು ಅಂದರೆ, ನಮ್ಮ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನಾ ಸ್ವಲ್ಪ ಸ್ಟೀರಾಯ್ಡನ್ನು ತಾವೇ ತಯಾರು ಮಾಡುತ್ತವೆ. ಹೊರಗಿನಿಂದ ವಾರಗಟ್ಟಲೆ ಮಾತ್ರೆ ಬರುತ್ತಾ ಹೋದರೆ ಅವು ತಮ್ಮ ಕೆಲಸ ನಿಲ್ಲಿಸಿಬಿಡುತ್ತವೆ. ಎರಡು ವರ್ಷ ತಿಂದವರು ಒಂದು ಬೆಳಿಗ್ಗೆ ಬಿಟ್ಟರೆ ಗ್ರಂಥಿ ತಕ್ಷಣ ಎದ್ದು ಕೂರುವುದಿಲ್ಲ. ವಿಪರೀತ ಸುಸ್ತು, ವಾಂತಿ, ಬಿಪಿ ಇಳಿಯುವುದು, ಜೊತೆಗೆ ಜ್ವರವೋ ಸೋಂಕೋ ಬಂದರೆ ಪ್ರಾಣಕ್ಕೇ ಅಪಾಯ. ಡಾಕ್ಟರು ಡೋಸನ್ನು ಹಂತ ಹಂತವಾಗಿ ಇಳಿಸುತ್ತಾರೆ. ಅದಕ್ಕೆ ವಾರಗಳೂ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು.

ಹಾಗಾಗಿ ಕವರಿನಲ್ಲಿ ಉಳಿದಿರುವ ಮಾತ್ರೆಗಳನ್ನು ಕವರ್ ಸಮೇತ ತೆಗೆದುಕೊಂಡು ಈ ವಾರವೇ ಮಾವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋದರೆ ಫಿಸಿಶಿಯನ್ ಸಿಗುತ್ತಾರೆ. ‘ಎರಡು ವರ್ಷದಿಂದ ಮೆಡಿಕಲ್‌ನ ಸೆಟ್ ಮಾತ್ರೆ ತಿಂದಿದ್ದಾರೆ, ಸ್ಟೀರಾಯ್ಡ್ ಇರಬಹುದು’ ಅಂತ ಬಾಯಿಬಿಟ್ಟು ಹೇಳಿ. ಡಾಕ್ಟರು ಬೈಯುತ್ತಾರೆ ಅಂತ ತುಂಬಾ ಜನ ಇದನ್ನು ಮುಚ್ಚಿಡುತ್ತಾರೆ, ಆಗ ಡಾಕ್ಟರು ಬರೀ ಶುಗರ್‌ಗೆ ಮದ್ದು ಬರೆದು ಕಳಿಸುತ್ತಾರೆ. ಶುಗರ್, ಬಿಪಿ, ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ನೋಡಿಸಿ. ನೋವಿನ ಮಾತ್ರೆ ವರ್ಷಗಟ್ಟಲೆ ತಿಂದಿದ್ದರೆ ಕಿಡ್ನಿಯನ್ನೂ ಹೊಟ್ಟೆಯನ್ನೂ ನೋಡಲೇಬೇಕು. ಮಲ ಕಪ್ಪಗೆ ಹೋಗುತ್ತಿದ್ದರೆ ವಾರ ಅಂತ ಕಾಯಬೇಡಿ, ಅವತ್ತೇ ಹೊರಡಿ.

ಈಗ ಕಾನೂನಿಗೆ ಬರೋಣ. ನಾನು ಔಷಧ ಪರಿವೀಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು, ಜನರ ಬಾಯಲ್ಲಿ ಡ್ರಗ್ ಇನ್ಸ್‌ಪೆಕ್ಟರ್. ಮಲೆನಾಡಿನ ಊರುಗಳಲ್ಲಿ ನಿಮ್ಮಂಥ ಪತ್ರಗಳನ್ನೂ ಆ ಅಂಗಡಿಯವರ ಮಾತನ್ನೂ ಎರಡನ್ನೂ ಕೇಳಿದ್ದೇನೆ. ‘ಎಲ್ಲ ಕಡೆ ಹೀಗೇ’ ಅನ್ನುವುದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಹೀಗೇ ಇರಬೇಕು ಅಂತ ಎಲ್ಲೂ ಬರೆದಿಲ್ಲ.

ಮೆಡಿಕಲ್ ಶಾಪ್‌ಗೆ ಲೈಸೆನ್ಸ್ ಸಿಗುವುದು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ ಮತ್ತು ಅದರ 1945ರ ನಿಯಮಗಳ ಕೆಳಗೆ. ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಜಾಗ ಇರಬೇಕು, ಫ್ರಿಜ್ ಇರಬೇಕು, ನೋಂದಾಯಿತ ಫಾರ್ಮಸಿಸ್ಟ್ ಇರಬೇಕು. ಈ ಮೂರನೆಯದರಲ್ಲೇ ಎಲ್ಲ ತಕರಾರು. ನಿಯಮ 65 ಹೇಳುವುದು, ಚೀಟಿಯ ಮೇಲೆ ಕೊಡುವ ಮದ್ದನ್ನು ಫಾರ್ಮಸಿಸ್ಟ್ ಸ್ವತಃ ಕೊಡಬೇಕು ಅಥವಾ ಅವರ ಖುದ್ದು ಉಸ್ತುವಾರಿಯಲ್ಲಿ ಕೊಡಬೇಕು ಅಂತ. ಖುದ್ದು ಅಂದರೆ ಅಂಗಡಿಯಲ್ಲಿ ಇದ್ದುಕೊಂಡು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬೇರೆ ಕೆಲಸದಲ್ಲಿರುವವರ ಸರ್ಟಿಫಿಕೇಟ್ ಗೋಡೆಗೆ ಹೊಡೆದರೆ ಉಸ್ತುವಾರಿ ಆಗುವುದಿಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ. ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ಡಾಕ್ಟರ ಚೀಟಿಯ ಮೇಲೆ ಮದ್ದು ಕೊಡುವುದೇ ಅಪರಾಧ. 2015ರಲ್ಲಿ ಬಂದ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಪ್ರಕಾರ ಫಾರ್ಮಸಿಸ್ಟ್ ಬಿಳಿ ಕೋಟು ಹಾಕಿರಬೇಕು, ಅದರ ಮೇಲೆ ಹೆಸರು ಮತ್ತು ನೋಂದಣಿ ಸಂಖ್ಯೆಯ ಬ್ಯಾಡ್ಜ್ ಇರಬೇಕು. ಕೌಂಟರಿನ ಆಚೆ ಅಂಥವರು ಕಾಣದಿದ್ದರೆ ‘ಫಾರ್ಮಸಿಸ್ಟ್ ಎಷ್ಟು ಹೊತ್ತಿಗೆ ಸಿಗುತ್ತಾರೆ?’ ಅಂತ ಕೇಳುವ ಹಕ್ಕು ನಿಮಗಿದೆ. ಜಗಳ ಬೇಡ, ಸುಮ್ನೆ ಕೇಳಿ.

ಇನ್ನು ಮದ್ದಿನ ವಿಷಯ. ಸ್ಟೀರಾಯ್ಡ್‌ಗಳೂ, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳೂ ಶೆಡ್ಯೂಲ್ ಎಚ್ ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವ ಹಾಗೇ ಇಲ್ಲ. ಅದಕ್ಕಿಂತ ಬಿಗಿಯಾದದ್ದು ಶೆಡ್ಯೂಲ್ ಎಚ್1, 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಸೆಫಿಕ್ಸಿಮ್, ಲೆವೊಫ್ಲಾಕ್ಸಸಿನ್‌ನಂಥ ಆಂಟಿಬಯೋಟಿಕ್, ಟಿಬಿ ಮದ್ದು, ಟ್ರಮಡಾಲ್, ಅಲ್ಪ್ರಜೋಲಮ್ ಎಲ್ಲ ಅದರಲ್ಲಿ ಬರುತ್ತವೆ. ಇವುಗಳ ಸ್ಟ್ರಿಪ್ ಮೇಲೆ ಕೆಂಪು ಅಂಚಿನ ಚೌಕದಲ್ಲಿ ಎಚ್ಚರಿಕೆ ಅಚ್ಚಾಗಿರುತ್ತದೆ. ಇವುಗಳನ್ನು ಮಾರಿದರೆ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಮದ್ದಿನ ಹೆಸರು, ಎಷ್ಟು ಕೊಟ್ಟರು ಅನ್ನುವುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು.

ಆ ರಿಜಿಸ್ಟರ್ ಬಗ್ಗೆ ಒಂದು ಮಾತು ಹೇಳಬೇಕು. ತಪಾಸಣೆಗೆ ಹೋದಾಗ ನಾನು ಮೊದಲು ಕೇಳುತ್ತಿದ್ದದ್ದು ಅದನ್ನೇ. ದಿನಾ ಬರೆದ ರಿಜಿಸ್ಟರ್ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದು ಕಡೆ ನೀಲಿ ಪೆನ್ನು, ಒಂದು ಕಡೆ ಕಪ್ಪು, ನಡುವೆ ಕಾಟು, ಅಂಚಿನಲ್ಲಿ ಸಿರಪ್ ಕಲೆ, ಸಂಜೆ ರಶ್ಶಿನ ಹೊತ್ತಿನ ಸೊಟ್ಟ ಅಕ್ಷರ. ಒಂದೇ ರಾತ್ರಿ ಕೂತು ಆರು ತಿಂಗಳದ್ದನ್ನು ತುಂಬಿಸಿದ ರಿಜಿಸ್ಟರಿನಲ್ಲಿ ಒಂದೇ ಪೆನ್ನು, ಒಂದೇ ಕೈಬರಹ, ಎಲ್ಲ ಸಾಲಿಗೂ ಒಂದೇ ಡಾಕ್ಟರ ಹೆಸರು. ಆಮೇಲೆ ಹೋಲ್‌ಸೇಲಿನಿಂದ ಬಂದ ಬಿಲ್ಲು ತೆಗೆಸಿ, ಕಪಾಟಿನಲ್ಲಿ ಉಳಿದ ಸ್ಟಾಕ್ ಎಣಿಸಿ, ರಿಜಿಸ್ಟರಿನ ಜೊತೆ ತಾಳೆ ನೋಡಿದರೆ ಚೀಟಿ ಇಲ್ಲದೆ ಹೋದ ಮಾತ್ರೆ ಎಷ್ಟು ಅನ್ನುವುದು ಮೇಜಿನ ಮೇಲೇ ಬಂದುಬಿಡುತ್ತದೆ. ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಹತ್ತಿರ ಬಿಲ್ ಇಲ್ಲದಿದ್ದರೂ ಇಲಾಖೆಗೆ ನೋಡಲು ದಾರಿ ಇದೆ. ಅಂಗಡಿಗೆ ಮದ್ದು ಬಂದ ಲೆಕ್ಕ ಹೋಲ್‌ಸೇಲ್‌ನವರ ಹತ್ತಿರವೂ ಇರುತ್ತದೆ.

ಜನರಲ್ಲಿ ಕೆಲವು ತಪ್ಪು ನಂಬಿಕೆಗಳೂ ಇವೆ. ಅವು ಅಂಗಡಿಯವರಿಗೆ ವಿರುದ್ಧವಾಗಿಯೂ ಇವೆ, ಅವರ ಪರವಾಗಿಯೂ ಇವೆ.

ಸ್ಟ್ರಿಪ್ ಕತ್ತರಿಸಿ ಕೊಡುವುದೇ ಕಾನೂನುಬಾಹಿರ ಅಂತ ಹಲವರು ಹೇಳುತ್ತಾರೆ. ಹಾಗೇನಿಲ್ಲ. ಹತ್ತರ ಸ್ಟ್ರಿಪ್‌ನಲ್ಲಿ ನಾಲ್ಕು ಬೇಕಾದರೆ ನಾಲ್ಕೇ ಕೊಡಬಹುದು, ಬೆಲೆ ಮಾತ್ರ ಅದೇ ಲೆಕ್ಕದಲ್ಲಿ ಇರಬೇಕು, ಬಿಡಿ ಅಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಲ್ಲೇ ಇದೆ. ನಿಮ್ಮ ಮಾವನ ವಿಷಯದಲ್ಲಿ ತಪ್ಪಿರುವುದು ಕತ್ತರಿಸಿದ್ದರಲ್ಲಲ್ಲ, ಫಾಯಿಲಿನಿಂದಲೇ ಬಿಡಿಸಿ ಹೆಸರು, ಬ್ಯಾಚ್, ಎಕ್ಸ್‌ಪೈರಿ ಯಾವುದೂ ಇಲ್ಲದೆ ಕೊಟ್ಟಿದ್ದರಲ್ಲಿ. ಅದರಲ್ಲೂ ನಮ್ಮ ಕೊಡಗಿನ ಮಳೆಗಾಲದಲ್ಲಿ, ಗೋಡೆಯೇ ಬೆವರುವಂಥ ಜುಲೈ ತಿಂಗಳಲ್ಲಿ, ಫಾಯಿಲಿನಿಂದ ಹೊರಬಂದ ಮಾತ್ರೆ ಕಾಗದದ ಕವರಿನಲ್ಲಿ ತೇವ ಹಿಡಿಯಲು ಜಾಸ್ತಿ ದಿನ ಬೇಡ. ಕತ್ತರಿಸಿ ಕೊಡುವಾಗ ಬ್ಯಾಚ್ ಮತ್ತು ಎಕ್ಸ್‌ಪೈರಿ ಇರುವ ತುದಿ ಅಂಗಡಿಯಲ್ಲೇ ಉಳಿದರೆ ಬಿಲ್ಲಿನಲ್ಲಿ ಆ ಸಂಖ್ಯೆ ಬರೆಸಿಕೊಳ್ಳಿ.

ಬಿಲ್ ಕೇಳಿದರೆ ಟ್ಯಾಕ್ಸ್ ಸೇರಿ ದುಬಾರಿ ಆಗುತ್ತದೆ ಅನ್ನುವುದು ಇನ್ನೊಂದು. ಎಂಆರ್‌ಪಿ ಅಂದರೇ ಎಲ್ಲ ತೆರಿಗೆ ಸೇರಿದ ಬೆಲೆ. ಬಿಲ್ ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಚೀಟಿಯ ಮದ್ದಿಗೆ ಬಿಲ್ಲಿನಲ್ಲಿ ಡಾಕ್ಟರ ಹೆಸರು, ರೋಗಿಯ ಹೆಸರು, ಮದ್ದಿನ ಹೆಸರು, ಕಂಪನಿ, ಬ್ಯಾಚ್, ಎಕ್ಸ್‌ಪೈರಿ ಇರಬೇಕು, ಫಾರ್ಮಸಿಸ್ಟ್ ಸಹಿ ಇರಬೇಕು. ಬಿಲ್ ಕೊಡದ ಅಂಗಡಿ ಉಳಿಸುವುದು ನಿಮ್ಮ ದುಡ್ಡನ್ನಲ್ಲ.

ಚೀಟಿ ಇಲ್ಲದೆ ಮೆಡಿಕಲ್‌ನವರು ಏನನ್ನೂ ಕೊಡಬಾರದು ಅನ್ನುವುದೂ ತಪ್ಪು. ಪ್ಯಾರಾಸಿಟಮಾಲ್, ಆಂಟಾಸಿಡ್, ಓಆರ್‌ಎಸ್, ನೋವಿನ ಬಾಮ್, ಗಾಯಕ್ಕೆ ಬ್ಯಾಂಡೇಜ್ ಇವಕ್ಕೆಲ್ಲ ಚೀಟಿ ಬೇಕಿಲ್ಲ. ಇನ್ನೂ ಹೇಳಬೇಕೆಂದರೆ 1000ಕ್ಕಿಂತ ಹೆಚ್ಚು ಜನ ಇಲ್ಲದ ಹಳ್ಳಿಯಲ್ಲಿ ಪ್ಯಾರಾಸಿಟಮಾಲ್, ಆಂಟಾಸಿಡ್, ಬಾಮ್‌ನಂಥ ಮನೆಮದ್ದಿನ ಪಟ್ಟಿಯಲ್ಲಿರುವುದನ್ನು ದಿನಸಿ ಅಂಗಡಿಯವರೂ ಡ್ರಗ್ ಲೈಸೆನ್ಸ್ ಇಲ್ಲದೆ ಮಾರಬಹುದು. ನಿಯಮಗಳಲ್ಲಿರುವ ವಿನಾಯಿತಿಗಳ ಪಟ್ಟಿ, ಶೆಡ್ಯೂಲ್ ಕೆ, ಅದಕ್ಕೆ ಅವಕಾಶ ಕೊಟ್ಟಿದೆ. ಲೈಸೆನ್ಸ್ ಇರುವ ಹೋಲ್‌ಸೇಲ್‌ನವರಿಂದ ಕೊಂಡಿರಬೇಕು, ಒಡೆಯದ ಪ್ಯಾಕಿನಲ್ಲೇ ಕೊಡಬೇಕು, ಅಷ್ಟೆ. ತೋಟಗಳ ನಡುವಿನ ಸಣ್ಣ ಊರಿನವರು ಒಂದು ಜ್ವರದ ಮಾತ್ರೆಗೆ ಪೇಟೆಗೆ ಓಡುವ ಹಾಗಾಗಬಾರದು ಅಂತಲೇ ಈ ವಿನಾಯಿತಿ. ಹಾಗಾಗಿ ‘ಅಂಗಡಿ ಮುಚ್ಚಿದರೆ ಜ್ವರಕ್ಕೂ ಮಡಿಕೇರಿ’ ಅನ್ನುವ ಮಾತು ಪೂರ್ತಿ ನಿಜ ಅಲ್ಲ.

ಮೆಡಿಕಲ್‌ನವರು ‘ಅರ್ಧ ಡಾಕ್ಟರು’ ಅನ್ನುವ ನಂಬಿಕೆ ಎಲ್ಲಕ್ಕಿಂತ ಆಳವಾದದ್ದು. ಅನುಭವಿ ಫಾರ್ಮಸಿಸ್ಟಿಗೆ ಮದ್ದಿನ ಬಗ್ಗೆ ತುಂಬಾ ಗೊತ್ತಿರುತ್ತದೆ, ಡಾಕ್ಟರ ತಪ್ಪನ್ನೂ ಹಿಡಿಯುವಷ್ಟು. ಆದರೆ ರೋಗ ಯಾವುದು ಅಂತ ತೀರ್ಮಾನಿಸುವ ಕೆಲಸ ಅವರದ್ದಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಇಂಜೆಕ್ಷನ್ ಕೊಡುವುದು, ಡ್ರಿಪ್ ಹಾಕುವುದು ನಡೆಯುತ್ತಿದ್ದರೆ ಅದು ಬೇರೆಯದೇ ಅಪರಾಧ. ಅದನ್ನು ನೋಡಬೇಕಾದವರು ಜಿಲ್ಲಾ ಆರೋಗ್ಯಾಧಿಕಾರಿಗಳು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವೇ ಇದೆ.

ಇಷ್ಟೆಲ್ಲ ನಿಯಮ ಇದ್ದೂ ಹೀಗೇಕೆ ನಡೆಯುತ್ತದೆ? ಅಂಗಡಿಯವರ ದುರಾಸೆ ಅಂತ ಒಂದೇ ಮಾತಿನಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ಡಿ.ಫಾರ್ಮ್, ಬಿ.ಫಾರ್ಮ್ ಮುಗಿಸಿದ ಹುಡುಗ ಹುಡುಗಿಯರಿಗೆ ಮೈಸೂರು, ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ನಾಪೋಕ್ಲುವಿನ ಆಚೆಯೋ ಬಿರುನಾಣಿಯಲ್ಲೋ ಶ್ರೀಮಂಗಲದಲ್ಲೋ ಸಣ್ಣ ಅಂಗಡಿ ಕೊಡುವ ಸಂಬಳಕ್ಕೆ ಬಂದು ಮಳೆಗಾಲ ಕಳೆಯುವವರು ಕಡಿಮೆ. ಅಲ್ಲಿಂದ ಸರ್ಟಿಫಿಕೇಟ್ ಬಾಡಿಗೆಗೆ ತರುವ ಚಾಳಿ ಶುರುವಾಗುತ್ತದೆ. ಫಾರ್ಮಸಿಸ್ಟಿಗೆ ಕೂತಲ್ಲೇ ತಿಂಗಳಿಗೊಂದಿಷ್ಟು ಸಿಗುತ್ತದೆ, ಮಾಲೀಕರಿಗೆ ಲೈಸೆನ್ಸ್ ಉಳಿಯುತ್ತದೆ, ಕೌಂಟರಿನಲ್ಲಿ ಪಿಯುಸಿ ಓದಿದ ಹುಡುಗ ನಿಲ್ಲುತ್ತಾನೆ. ಆ ಹುಡುಗನಿಗೆ ಸೆಟ್ ಮಾತ್ರೆಯ ಪಾಠ ಹೇಳಿಕೊಟ್ಟವರು ಇನ್ಯಾರೋ. ಅವನಿಗೆ ಅಡ್ರಿನಲ್ ಗ್ರಂಥಿ ಅನ್ನುವ ಹೆಸರೂ ಗೊತ್ತಿರುವುದಿಲ್ಲ.

ಇನ್ನೊಂದು ಕಡೆ ಕೊಳ್ಳುವವರ ಒತ್ತಡ. ಡಿಸೆಂಬರಿನಿಂದ ಕಾಫಿ ಕೊಯ್ಲು ಶುರುವಾದರೆ ತೋಟದ ಕೆಲಸದವರಿಗೆ ಒಂದು ದಿನ ರಜೆ ಹಾಕಿದರೆ ಒಂದು ದಿನದ ಕೂಲಿ ಹೋಯಿತು. ಬೆನ್ನು ನೋವು, ಮೈಕೈ ನೋವು, ತೋಟದ ಸಾಲುಮನೆಯಿಂದ, ಅಂದರೆ ಲೈನ್ ಮನೆಯಿಂದ ಸಂಜೆ ಇಳಿದು ಬಂದು ‘ನಾಳೆ ಕೆಲಸಕ್ಕೆ ಹೋಗಬೇಕು, ಏನಾದರೂ ಕೊಡಿ’ ಅನ್ನುತ್ತಾರೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಹೊತ್ತಿಗೆ ಡಾಕ್ಟರು ಇರುವುದಿಲ್ಲ. ಅಂಗಡಿಯವರು ಕೊಡದಿದ್ದರೆ ಇನ್ನೊಂದು ಅಂಗಡಿ ಇದೆ. ಕೊಟ್ಟರೆ ಮರುದಿನ ನೋವು ಇರುವುದಿಲ್ಲ, ‘ಅವರ ಕೈಗುಣ ಒಳ್ಳೆಯದು’ ಅನ್ನುವ ಹೆಸರು ಬರುತ್ತದೆ. ನಿಯಮಕ್ಕೆ ನಿಂತು ‘ಚೀಟಿ ತನ್ನಿ’ ಅನ್ನುವ ಪ್ರಾಮಾಣಿಕ ಅಂಗಡಿಯವರು ವ್ಯಾಪಾರ ಕಳೆದುಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈ ವಿಷಯದಲ್ಲಿ ನನಗೆ ಹೆಚ್ಚು ನೋವು ಕೊಟ್ಟಿರುವುದು ಅದೇ.

ಇಲಾಖೆಯ ಕಡೆಯಿಂದಲೂ ಹೇಳಬೇಕು. ನಿಯಮ 51ರ ಪ್ರಕಾರ ಪ್ರತಿ ಅಂಗಡಿಯನ್ನೂ ವರ್ಷಕ್ಕೆ ಕನಿಷ್ಠ ಒಂದು ಸಲ ಪರಿವೀಕ್ಷಕರು ನೋಡಬೇಕು. ಒಂದು ಸಲ ಅಂದರೆ ಉಳಿದ 364 ದಿನ ಆ ಅಂಗಡಿಯನ್ನು ನೋಡುತ್ತಿರುವವರು ನೀವೇ. ಮತ್ತೆ ಘಾಟಿಯ ಊರುಗಳಲ್ಲಿ ಇಲಾಖೆಯ ಜೀಪು ಒಂದು ಪೇಟೆಗೆ ಬಂದರೆ ಮುಂದಿನ ಪೇಟೆಗೆ ಫೋನು ಮೊದಲೇ ಹೋಗಿರುತ್ತದೆ. ಅವತ್ತು ಬಿಳಿ ಕೋಟು ಕಪಾಟಿನಿಂದ ಹೊರಗೆ ಬರುತ್ತದೆ, ಇಲ್ಲದಿದ್ದರೆ ಶಟರ್ ಎಳೆದಿರುತ್ತದೆ. ಯಾವ ಹೊತ್ತಿನಲ್ಲಿ ಹುಡುಗನೊಬ್ಬನೇ ಇರುತ್ತಾನೆ ಅನ್ನುವ ಮಾಹಿತಿ ಊರಿನವರಿಂದ ಬಂದರೆ ಮಾತ್ರ ತಪಾಸಣೆಗೆ ಬೆಲೆ.

ಹಾಗಾದರೆ ನೀವು ಏನು ಮಾಡಬಹುದು?

ಮೊದಲ ದಾರಿ, ಮಾತಾಡುವುದು. ನಿಮ್ಮ ಗಂಡ ಒಮ್ಮೆ ಕೇಳಿದ್ದಾರೆ, ಉತ್ತರ ಸರಿಯಾಗಿ ಬಂದಿಲ್ಲ. ಡಾಕ್ಟರನ್ನು ನೋಡಿ ಬಂದ ಮೇಲೆ ಇನ್ನೊಮ್ಮೆ ಹೋಗಿ, ಹುಡುಗನ ಹತ್ತಿರ ಬೇಡ, ಮಾಲೀಕರ ಹತ್ತಿರವೇ. ‘ಮಾವನಿಗೆ ಹೀಗಾಗಿದೆ, ಇನ್ನು ಮೇಲೆ ಅವರಿಗೆ ಚೀಟಿ ಇಲ್ಲದೆ ಏನೂ ಕೊಡಬೇಡಿ, ಕೊಟ್ಟಿದ್ದಕ್ಕೆಲ್ಲ ಬಿಲ್ ಕೊಡಿ’ ಅಂತ ಸ್ಪಷ್ಟವಾಗಿ ಹೇಳಿ. ಇಷ್ಟರಲ್ಲೇ ಸರಿಹೋದ ಅಂಗಡಿಗಳಿವೆ. ಇದರ ತೊಂದರೆ ಏನೆಂದರೆ ನಿಮ್ಮ ಮಾವ ಒಬ್ಬರಿಗೆ ನಿಲ್ಲಬಹುದು, ಪಕ್ಕದ ಲೈನ್ ಮನೆಯವರಿಗೆ ನಿಲ್ಲುವುದಿಲ್ಲ. ಜೊತೆಗೆ ಮುಂದೆ ತಪಾಸಣೆ ಆದರೆ ದೂರು ಕೊಟ್ಟವರು ನೀವೇ ಅಂತ ಅವರಿಗೆ ಅನುಮಾನ ಬರುತ್ತದೆ. ಅದನ್ನು ಯೋಚಿಸಿಯೇ ಹೆಜ್ಜೆ ಇಡಿ.

ಎರಡನೆಯದು, ಬರೆದು ಕೊಡುವ ದೂರು. ಚಿಲ್ಲರೆ ಮೆಡಿಕಲ್‌ಗಳ ಲೈಸೆನ್ಸ್ ನೋಡುವುದು ಸಹಾಯಕ ಔಷಧ ನಿಯಂತ್ರಕರು, ಕೊಡಗಿಗೆ ಅವರ ಕಚೇರಿ ಮಡಿಕೇರಿಯಲ್ಲಿದೆ. ಕೈಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ರಾಜ್ಯ ಸರ್ಕಾರದ 1902 ಸಹಾಯವಾಣಿಗೂ ಹೇಳಬಹುದು, ಆದರೆ ಬರೆದ ದೂರಿನಷ್ಟು ವಿವರ ಅಲ್ಲಿ ದಾಖಲಾಗುವುದಿಲ್ಲ. ದೂರಿನಲ್ಲಿ ಬೈಗುಳ, ಊಹೆ ಬೇಡ. ಅಂಗಡಿಯ ಹೆಸರು, ಬಿಲ್ಲಿನ ಮೇಲೋ ಗೋಡೆಯ ಮೇಲೋ ಕಂಡರೆ ಲೈಸೆನ್ಸ್ ಸಂಖ್ಯೆ, ಯಾವ ತಾರೀಖು ಯಾವ ಹೊತ್ತಿಗೆ ಏನು ಕೊಂಡಿರಿ, ಕೌಂಟರಿನಲ್ಲಿ ಯಾರಿದ್ದರು, ಚೀಟಿ ಕೇಳಿದರಾ, ಬಿಲ್ ಕೊಟ್ಟರಾ, ಇಷ್ಟು ಸಾಕು. ಕವರಿನ ಫೋಟೋ, ಫೋನ್‌ಪೇ ಅಥವಾ ಗೂಗಲ್ ಪೇಯಲ್ಲಿ ಕೊಟ್ಟಿದ್ದರೆ ಅದರ ಸ್ಕ್ರೀನ್‌ಶಾಟ್, ಈಗ ನೋಡಿದ ಡಾಕ್ಟರು ಚೀಟಿಯಲ್ಲಿ ‘ಸ್ಟೀರಾಯ್ಡ್ ಸೇವನೆಯ ಹಿನ್ನೆಲೆ’ ಅಂತ ಬರೆದಿದ್ದರೆ ಅದರ ಪ್ರತಿ ಜೊತೆಗಿಡಿ. ನಿಮ್ಮ ಹೆಸರು ಗುಟ್ಟಾಗಿಡಿ ಅಂತ ದೂರಿನಲ್ಲೇ ಬರೆಯಿರಿ. ಸಣ್ಣ ಊರಿನಲ್ಲಿ ಇದು ಪೂರ್ತಿ ಗುಟ್ಟಾಗಿ ಉಳಿಯುತ್ತದೆ ಅಂತ ನಾನು ಭರವಸೆ ಕೊಡಲಾರೆ. ಅದಕ್ಕೇ ಒಬ್ಬರ ಬದಲು ನಾಲ್ಕೈದು ಮನೆಯವರು ಸೇರಿ ಸಹಿ ಹಾಕಿದರೆ ಒಳ್ಳೆಯದು, ಒಂದು ಮನೆಯ ಮೇಲೆ ಸಿಟ್ಟು ಬೀಳುವುದಿಲ್ಲ.

ಮಾತ್ರೆಯನ್ನು ಲ್ಯಾಬಿಗೆ ಕಳಿಸಬಹುದಾ ಅಂತ ಮುಂದಿನ ಪ್ರಶ್ನೆ ಬರಬಹುದು. ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಮದ್ದು ಕೊಂಡ ಯಾರೇ ಆದರೂ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಆದರೆ ಬ್ಯಾಚ್ ಇಲ್ಲದ, ಕಂಪನಿ ಇಲ್ಲದ ಬಿಡಿ ಮಾತ್ರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ, ಇದು ನಮ್ಮ ಅಂಗಡಿಯದ್ದೇ ಅಲ್ಲ ಅಂದುಬಿಡುತ್ತಾರೆ. ಪರಿವೀಕ್ಷಕರು ಸ್ಯಾಂಪಲ್ ತೆಗೆಯುವ ಕ್ರಮವೇ ಬೇರೆ. ಬೆಲೆ ಕೊಟ್ಟು, ಅಂಗಡಿಯವರ ಎದುರಿಗೇ ನಾಲ್ಕು ಭಾಗ ಮಾಡಿ ಸೀಲ್ ಹಾಕಿ, ಒಂದನ್ನು ಅವರಿಗೇ ಕೊಟ್ಟು, ಒಂದನ್ನು ವಿಶ್ಲೇಷಕರಿಗೆ, ಒಂದನ್ನು ಕೋರ್ಟಿಗೆ, ಇನ್ನೊಂದನ್ನು ಮಾಲು ಎಲ್ಲಿಂದ ಬಂತೋ ಆ ಕಡೆಯವರಿಗೆ. ಮತ್ತೆ ನಿಮ್ಮ ದೂರು ಕಳಪೆ ಮದ್ದಿನ ಬಗ್ಗೆ ಅಲ್ಲ. ಒಳ್ಳೆಯ ಕಂಪನಿಯ ಸರಿಯಾದ ಸ್ಟೀರಾಯ್ಡನ್ನೇ ಚೀಟಿ ಇಲ್ಲದೆ ಕೊಟ್ಟರೂ ಮುಖ ಊದುತ್ತದೆ. ಹಾಗಾಗಿ ಲ್ಯಾಬಿನ ದಾರಿಗೆ ನೀವು ದುಡ್ಡು, ಸಮಯ ಹಾಕುವುದು ಬೇಡ ಅಂತಲೇ ನನ್ನ ಅಭಿಪ್ರಾಯ. ಮದ್ದಿನಿಂದ ಆದ ತೊಂದರೆಯನ್ನು ದಾಖಲಿಸಬೇಕಾದರೆ 1800 180 3024 ಅನ್ನುವ ಉಚಿತ ಸಂಖ್ಯೆ ಇದೆ. ಅದು ಅಡ್ಡಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮದ್ದು, ರೋಗಿಗಳೂ ಮನೆಯವರೂ ಹೇಳಬಹುದು. ಅದರಿಂದ ಅಂಗಡಿಯ ಮೇಲೆ ಕ್ರಮ ಆಗುವುದಿಲ್ಲ.

ಸರ್ಟಿಫಿಕೇಟ್ ಬಾಡಿಗೆ ಕೊಟ್ಟ ಫಾರ್ಮಸಿಸ್ಟ್ ಮೇಲೆ ಬೆಂಗಳೂರಿನ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ಗೆ ಬೇರೆಯಾಗಿ ಬರೆಯಬಹುದು. ಅಂಗಡಿಯ ಲೈಸೆನ್ಸ್ ಇಲಾಖೆಯ ಕೈಯಲ್ಲಿ, ವ್ಯಕ್ತಿಯ ನೋಂದಣಿ ಕೌನ್ಸಿಲ್ ಕೈಯಲ್ಲಿ. ರಿಜಿಸ್ಟರಿನಿಂದ ಹೆಸರು ತೆಗೆಯುವ ಅಧಿಕಾರ ಕೌನ್ಸಿಲ್‌ಗಿದೆ. ಗೋಡೆಯ ಮೇಲಿನ ಹೆಸರು, ನೋಂದಣಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಆ ಸರ್ಟಿಫಿಕೇಟ್ ಇರುವುದೇ ಎಲ್ಲರಿಗೂ ಕಾಣಲಿ ಅಂತ.

ಪರಿಹಾರದ ದುಡ್ಡು ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಮದ್ದಿಗೆ ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಆದರೆ ಬಿಲ್ಲೇ ಇಲ್ಲದ ನಿಮ್ಮ ಪ್ರಕರಣದಲ್ಲಿ ಅದು ಕಡಿದಾದ ದಾರಿ. ಮೊದಲು ಇಲಾಖೆಯ ತಪಾಸಣೆ ಆಗಲಿ, ಅದರ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, ಆಮೇಲೆ ಒಬ್ಬ ವಕೀಲರ ಹತ್ತಿರ ಮಾತಾಡಿ ನಿರ್ಧಾರ ಮಾಡಿ.

ಈಗ ನಿಮ್ಮ ದೊಡ್ಡ ಭಯಕ್ಕೆ ಬರುತ್ತೇನೆ, ಅಂಗಡಿ ಮುಚ್ಚುತ್ತಾರಾ? ದೂರು ಹೋದ ಮರುದಿನ ಬೀಗ ಹಾಕುವ ಪದ್ಧತಿ ಇಲ್ಲ. ತಪಾಸಣೆ ಆಗುತ್ತದೆ, ತಪ್ಪು ಕಂಡರೆ ಕಾರಣ ಕೇಳಿ ನೋಟಿಸ್ ಕೊಡುತ್ತಾರೆ, ಅವರ ಉತ್ತರ ಕೇಳಲೇಬೇಕು. ಆಮೇಲೆ ನಿಯಮ 66ರಲ್ಲಿ ಲೈಸೆನ್ಸನ್ನು ಇಷ್ಟು ದಿನ ಅಂತ ಅಮಾನತು ಮಾಡಬಹುದು, ಕೆಲವು ಮದ್ದುಗಳಿಗೆ ಮಾತ್ರ ಅನ್ವಯಿಸಬಹುದು ಅಥವಾ ಪೂರ್ತಿ ರದ್ದು ಮಾಡಬಹುದು. ಅದರ ಮೇಲೆ ಮೂರು ತಿಂಗಳೊಳಗೆ ಸರ್ಕಾರಕ್ಕೆ ಮೇಲ್ಮನವಿ ಹಾಕಲು ಅವಕಾಶವಿದೆ. ನಾನು ನೋಡಿದ ಮಟ್ಟಿಗೆ ಮೊದಲ ಸಲ ಸಿಕ್ಕಿಬಿದ್ದ ಅಂಗಡಿಗೆ ಕೆಲವು ದಿನಗಳ ಅಮಾನತೇ ಜಾಸ್ತಿ, ಆ ದಿನಗಳಲ್ಲಿ ಮಾಲೀಕರು ಓಡಾಡಿ ಒಬ್ಬ ಫಾರ್ಮಸಿಸ್ಟನ್ನು ಹುಡುಕಿ ತರುತ್ತಾರೆ. ರದ್ದಾಗುವುದು ಮತ್ತೆ ಮತ್ತೆ ಮಾಡಿದವರದ್ದು, ಅಮಲಿನ ಮದ್ದು ಮಾರಿದವರದ್ದು. ಕೋರ್ಟಿಗೆ ಹೋದರೆ ಅದೇ ಔಷಧ ಕಾಯ್ದೆಯ 27(ಡಿ) ಸೆಕ್ಷನ್‌ನಲ್ಲಿ ಒಂದರಿಂದ ಎರಡು ವರ್ಷ ಜೈಲು, ಕನಿಷ್ಠ 20,000 ರೂಪಾಯಿ ದಂಡ ಇದೆ ನಿಜ, ಆದರೆ ಎಲ್ಲವೂ ಅಲ್ಲಿಯವರೆಗೆ ಹೋಗುವುದಿಲ್ಲ.

ಅಮಾನತಿನ ದಿನಗಳಲ್ಲಿ ತೊಂದರೆ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಇನ್ಸುಲಿನ್, ಬಿಪಿ ಮಾತ್ರೆ, ಆಸ್ತಮಾದ ಪಂಪ್ ಬೇಕಾದವರು ಊರಿನಲ್ಲಿ ಇದ್ದೇ ಇರುತ್ತಾರೆ. ದೂರು ಕೊಡುವ ಮುಂಚೆ ನಿಮ್ಮ ಮನೆಯದ್ದೂ ನೆರೆಮನೆಯದ್ದೂ ಒಂದು ತಿಂಗಳ ಮದ್ದು ತಂದಿಟ್ಟುಕೊಳ್ಳಿ. ಆದರೆ ಮಳೆಗಾಲದಲ್ಲಿ ಇನ್ಸುಲಿನ್ ಜಾಸ್ತಿ ತಂದಿಡಬೇಡಿ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ನಮ್ಮಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ದಿನಗಟ್ಟಲೆ ಬರುವುದಿಲ್ಲ. ಅಂಗಡಿಯ ಫ್ರಿಜ್‌ಗೂ ಅದೇ ಗತಿ, ಜನರೇಟರ್ ಅಥವಾ ಇನ್ವರ್ಟರ್ ಇದೆಯಾ ಅಂತ ಕೇಳಿಯೇ ಇನ್ಸುಲಿನ್ ತೆಗೆದುಕೊಳ್ಳಿ. ಇದು ಎಲ್ಲ ಅಂಗಡಿಗೂ ಅನ್ವಯ, ಫಾರ್ಮಸಿಸ್ಟ್ ಇದ್ದರೂ ಇಲ್ಲದಿದ್ದರೂ.

ಮುಂದೆ ಮಾವನ ಮದ್ದಿಗೆ ಪ್ರತಿ ತಿಂಗಳೂ ಮಡಿಕೇರಿಗೆ ಹೋಗಬೇಕಾಗಿಲ್ಲ. ಒಂದು ಚೀಟಿಗೆ ಒಂದೇ ಸಲ ಮದ್ದು ಅನ್ನುವುದು ನಿಯಮ, ಆದರೆ ‘ಮೂರು ತಿಂಗಳು, ತಿಂಗಳಿಗೊಮ್ಮೆ’ ಅಂತ ಡಾಕ್ಟರು ಚೀಟಿಯ ಮೇಲೆ ಬರೆದಿದ್ದರೆ ಅಷ್ಟು ಸಲವೂ ಅದೇ ಚೀಟಿ ನಡೆಯುತ್ತದೆ. ಡಾಕ್ಟರಲ್ಲಿ ಕೇಳಿ ಬರೆಸಿಕೊಳ್ಳಿ, ತಾವಾಗಿ ಬರೆಯುವವರು ಕಡಿಮೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇ-ಸಂಜೀವಿನಿ ಇದ್ದರೆ ವಿಡಿಯೋದಲ್ಲೇ ಡಾಕ್ಟರನ್ನು ತೋರಿಸಬಹುದು, ಅಲ್ಲಿ ಬರುವ ಚೀಟಿಯೂ ಚೀಟಿಯೇ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಅದನ್ನು ಒಪ್ಪುತ್ತದೆ. ಆದರೆ ಸ್ಟೀರಾಯ್ಡ್ ಇಳಿಸುವಾಗ ಮೊದಲ ಕೆಲವು ಭೇಟಿ ಎದುರಿಗೇ ಆಗಲಿ, ಬಿಪಿ ನೋಡಬೇಕು, ಕಾಲು ಊತ ಮುಟ್ಟಿ ನೋಡಬೇಕು. ಆ ದಿನಗಳಲ್ಲಿ ಮಂಡಿ ನೋವು ಮೊದಲಿಗಿಂತ ಜೋರಾಗಿ ಮರಳಬಹುದು. ಮಾವ ‘ಆ ಹುಡುಗನ ಮಾತ್ರೆಯೇ ಚೆನ್ನಾಗಿತ್ತು’ ಅನ್ನುತ್ತಾರೆ, ಯಾರನ್ನಾದರೂ ಕಳಿಸಿ ತರಿಸಲೂ ನೋಡುತ್ತಾರೆ. ಅವರಿಗೆ ಸಿಟ್ಟು ಮಾಡಬೇಡಿ, ಡಾಕ್ಟರ ಬಾಯಿಂದಲೇ ವಿಷಯ ಹೇಳಿಸಿ.

ಕೊನೆಯ ಪ್ರಶ್ನೆ, ಮಾವನ ಮೇಲೆ ಕೇಸ್ ಆಗುತ್ತಾ? ಆಗುವುದಿಲ್ಲ. ಚೀಟಿ ನೋಡಿ ಕೊಡಬೇಕು, ಬಿಲ್ ಕೊಡಬೇಕು, ಫಾರ್ಮಸಿಸ್ಟ್ ಇರಬೇಕು ಅನ್ನುವ ಷರತ್ತುಗಳೆಲ್ಲ ಲೈಸೆನ್ಸ್ ಪಡೆದವರ ಮೇಲಿರುವುದು. ಮಂಡಿ ನೋವಿಗೆ ಮಾತ್ರೆ ಕೇಳಿದ ರೋಗಿ ಅಪರಾಧಿ ಅಲ್ಲ, ಅವರೇ ಹೇಳಿಕೆ ಕೊಟ್ಟರೆ ದೂರಿಗೆ ಬಲ ಬರುತ್ತದೆ. ಪರಿವೀಕ್ಷಕರು ಮನೆಗೆ ಬಂದು ಕೇಳಿದರೆ ಮಾವ ನಡೆದದ್ದನ್ನು ನಡೆದ ಹಾಗೆ ಹೇಳಲಿ, ಓದಿಸಿ ಕೇಳಿ ಸಹಿ ಹಾಕಲಿ.